ಬಾಣಂತಿಕೋಣೆಯ ಶುಚಿ

ಮನೆ ಶುಚಿಯಾಗಿದೆ ಎಂದು ಹೇಳುವಾಗ ನಾವು ಒಂದು ಸಂಗತಿಯನ್ನು ಮರೆತಿರುತ್ತೇವೆ. ಮನೆಯಲ್ಲಿ ಕೋಣೆಗಳು ಹಲವು. ಒಂದೊಂದು ಕೋಣೆಗೂ ಶುಚಿ ಎಂಬುದರ ಅರ್ಥ ಬೇರೆ. ನಾನು ಹುಟ್ಟಿ ಬೆಳೆದ ಹಳ್ಳಿಯ ತೊಟ್ಟಿಮನೆಯಲ್ಲಿ ಪಡಸಾಲೆ ಶುಚಿಯಾಗಿದೆ ಎಂದರೆ ಗುಡಿಸಿ, ಚಾಪೆ ಹಾಸಿ, ಬಂದವರು ಕೂರುವಂತಿದೆ ಎಂದರ್ಥ. ಕೊಟ್ಟಿಗೆ ಶುಚಿಯಾಗಿದೆ ಎಂದರೆ ಸಗಣಿ ಬಾಚಿ, ಗಂಜಲ ಹರಿದುಹೋಗಿ, ಹಸು ಒಣನೆಲದ ಮೇಲೆ ಮಲಗುವಂತಿದೆ ಎಂದರ್ಥ. ಬಚ್ಚಲಿನಲ್ಲಿ ಪಾಚಿ ಕಟ್ಟದೆ, ಕಾಲು ಜಾರದೆ ಇದ್ದರೆ ಸಾಕಾಗಿತ್ತು. ಅಡಿಗೆಮನೆಯ ಶುಚಿ ಇವು ಯಾವುವೂ ಅಲ್ಲ. ಅಲ್ಲಿ ಗೋಡೆಗೆ ಮಸಿ ಹಿಡಿದಿರಬಹುದು, ಸೂರಿನಲ್ಲಿ ಜೇಡರ ಬಲೆ ತೂಗುತ್ತಿರಬಹುದು. ಒಲೆಯ ಮುಂದೆ ಕುಳಿತವರು ಮಡಿಯಲ್ಲಿದ್ದರೆ ಅದು ಶುಚಿ. ನೆಲ ಕನ್ನಡಿಯಂತೆ ಹೊಳೆಯುತ್ತಿದ್ದರೂ ಸ್ನಾನ ಮಾಡದವರೊಬ್ಬರು ಒಳಗೆ ಕಾಲಿಟ್ಟರೆ ಅದು ಕೆಟ್ಟಿತು.

ಈ ಮಡಿ ಎಂಬ ಮಾತನ್ನೇ ನೋಡಿ. ಒಗೆದ ಬಟ್ಟೆ ಎಂಬುದು ಅದರ ನೇರವಾದ ಅರ್ಥಗಳಲ್ಲಿ ಒಂದು. ಒಗೆಯುವವನು ಮಡಿವಾಳ. ಮಡಿ ಅವನ ಕೈಯಿಂದ ಆಗುವುದು ಎಂದು ಅವನ ಹೆಸರೇ ಸಾರುತ್ತದೆ. ಆದರೆ ನಮ್ಮ ಮನೆಗೆ ಮಡಿವಾಳ ಹೊತ್ತು ತಂದ ಗಂಟು ಹಿತ್ತಿಲ ಜಗಲಿಯ ಮೇಲೆಯೇ ಇಳಿಯಬೇಕಾಗಿತ್ತು. ಅದರೊಳಗಿನ ಸೀರೆಯನ್ನು ಅಜ್ಜಿ ಮತ್ತೊಮ್ಮೆ ಬಾವಿಯ ನೀರಿನಲ್ಲಿ ಅದ್ದಿ, ಹಿಂಡಿ, ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವಿ ಒಣಗಿಸಿದ ಮೇಲೆ ಮಾತ್ರ ಅದು ಮಡಿ. ಉಬ್ಬೆಯ ಹಬೆಯಲ್ಲಿ ಬೆಂದು, ಹೊಳೆಯ ಬಂಡೆಯ ಮೇಲೆ ಬಡಿಸಿಕೊಂಡು, ದಿನವಿಡೀ ಬಿಸಿಲಿನಲ್ಲಿ ಒಣಗಿ ಬಂದ ಬಟ್ಟೆ ಮೈಲಿಗೆ. ತಣ್ಣೀರಿನಲ್ಲಿ ಒಮ್ಮೆ ಮುಳುಗಿ ಎದ್ದ ಬಟ್ಟೆ ಮಡಿ! ತರಗತಿಯಲ್ಲಿ ಮಡಿವಾಳ ಮಾಚಿದೇವನ ವಚನಗಳನ್ನು ಪಾಠ ಹೇಳುವಾಗ ನಾನು ಈ ಪ್ರಸಂಗವನ್ನು ಹೇಳಿ ಹುಡುಗರನ್ನು ನಗಿಸುತ್ತಿದ್ದುದುಂಟು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಪ್ಪಲಿಲ್ಲ ಎಂಬುದನ್ನು ಪರೀಕ್ಷೆಗೆ ಬರುವ ಪ್ರಶ್ನೆಯೆಂದು ಬರೆಸುತ್ತಿದ್ದೆ. ಆ ಐದರಲ್ಲಿ ಮೊದಲನೆಯದು ನಮ್ಮ ಮನೆಯೊಳಗೆ ಏನು ಮಾಡಿತ್ತೆಂಬುದನ್ನು ನಾನು ಯೋಚಿಸಿದ್ದು ಬಹಳ ತಡವಾಗಿ.

ಆ ಮನೆಯಲ್ಲಿ ಇನ್ನೊಂದು ಕೋಣೆಯಿತ್ತು. ಹಿತ್ತಿಲ ಕಡೆಗೆ, ಬಚ್ಚಲಿಗೂ ಕೊಟ್ಟಿಗೆಗೂ ನಡುವೆ. ಕಿಟಕಿಯಿಲ್ಲ; ಗವಾಕ್ಷಿಯ ಜಾಗದಲ್ಲಿ ಒಂದು ಗೇಣುದ್ದದ ತೂತು. ಉಳಿದ ದಿನಗಳಲ್ಲಿ ಅಲ್ಲಿ ಸೌದೆ, ಬೆರಣಿ, ಹಳೆಯ ಹಗ್ಗ, ಮುರಿದ ನೇಗಿಲು. ಮನೆಯಲ್ಲಿ ಯಾರಿಗಾದರೂ ದಿನ ತುಂಬುತ್ತ ಬಂದಾಗ ಸೌದೆಯನ್ನು ಹೊರಗೆ ಹಾಕಿ, ನೆಲಕ್ಕೆ ಸಗಣಿ ಸಾರಿಸಿ ಅದನ್ನು ಬಾಣಂತಿಕೋಣೆ ಮಾಡುತ್ತಿದ್ದರು. ಹೆರಿಗೆಯಿಂದ ಬರುವ ಮೈಲಿಗೆಗೆ ಕನ್ನಡದಲ್ಲಿ ಪುರುಡು ಎಂಬ ಹಳೆಯ ಮಾತಿದೆ. ಪುರುಡು ಮನೆಯ ಉಳಿದ ಭಾಗಕ್ಕೆ ಹಬ್ಬಬಾರದು, ದೇವರಮನೆಗೂ ಅಡಿಗೆಮನೆಗೂ ದೂರವಾಗಿರಬೇಕು. ಆದ್ದರಿಂದ ಆ ಕೋಣೆ. ಹೆರುವವಳಿಗೆ ಹಾಸಲು ಮನೆಯಲ್ಲಿದ್ದ ಅತ್ಯಂತ ಹಳೆಯ ಚಾಪೆ, ಉಡಲು ಅತ್ಯಂತ ಹರಕು ಸೀರೆ; ಏಕೆಂದರೆ ಅವನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ, ಎಸೆಯಬೇಕು ಇಲ್ಲವೆ ಕೊಟ್ಟುಬಿಡಬೇಕು. ಒಳ್ಳೆಯದನ್ನು ಕೆಡಿಸುವುದೇಕೆ? ಮೂಲೆಯಲ್ಲಿ ಅಗ್ಗಿಷ್ಟಿಕೆ, ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲ ಬಳಿ ದೃಷ್ಟಿಗೆಂದು ಒಂದು ಹಳೆಯ ಪೊರಕೆ. ಹನ್ನೊಂದನೆಯ ದಿನ ಪುಣ್ಯಾಹ. ಅಂದು ಮನೆಗೆ ಮನೆಯನ್ನೇ ತೊಳೆಯುತ್ತಿದ್ದರು. ಅಂದರೆ ಆ ಕೋಣೆಯನ್ನು ನಿಜವಾಗಿ ತೊಳೆಯುತ್ತಿದ್ದುದು ಮಗು ಹುಟ್ಟುವ ಮುಂಚೆ ಅಲ್ಲ, ಹುಟ್ಟಿ ಹತ್ತು ದಿನ ಕಳೆದ ಮೇಲೆ. ತೊಳೆಯುತ್ತಿದ್ದುದು ತಾಯಿಗಾಗಿ ಅಲ್ಲ, ಮನೆಗಾಗಿ.

ಸೂಲಗಿತ್ತಿ ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ಸೂಲು ಎಂದರೆ ಹೆರಿಗೆ. ಹಳ್ಳಿಯವರು ಇಂದಿಗೂ ಹಸುವನ್ನು ಕೊಳ್ಳುವಾಗ ಎಷ್ಟನೆಯ ಸೂಲು ಎಂದು ಕೇಳುತ್ತಾರೆ. ಮನುಷ್ಯರ ಮಟ್ಟಿಗೆ ಆ ಮಾತು ಸೂಲಗಿತ್ತಿ ಎಂಬ ಹೆಸರಿನಲ್ಲಷ್ಟೇ ಉಳಿದಂತಿದೆ. ಊರೆಲ್ಲ ಆಕೆಯನ್ನು ಅಜ್ಜಿ ಎಂದು ಕರೆಯುತ್ತಿತ್ತು. ಆದರೆ ನಮ್ಮ ನಡುಮನೆಯ ಹೊಸ್ತಿಲನ್ನು ಆಕೆ ಎಂದೂ ದಾಟಿದವಳಲ್ಲ. ಬಾಣಂತಿಕೋಣೆಗೆ ಮಾತ್ರ ಬರಬಹುದಾಗಿತ್ತು. ಅದು ಹೇಗೂ ಮೈಲಿಗೆಯಾದದ್ದು. ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡ ಕೈ ಅದು. ಹನ್ನೊಂದನೆಯ ದಿನದಿಂದ ಆ ಮಕ್ಕಳನ್ನು ಆ ಕೈ ಮುಟ್ಟುವಂತಿರಲಿಲ್ಲ.

ನನಗಿಂತ ಮುಂಚೆ ಅಮ್ಮನಿಗೆ ಒಂದು ಗಂಡುಮಗು ಹುಟ್ಟಿತ್ತು. ಚೆನ್ನಾಗಿ ಅತ್ತಿತಂತೆ, ಚೆನ್ನಾಗಿ ಹಾಲು ಕುಡಿಯಿತಂತೆ. ಎಂಟನೆಯ ದಿನ ಹಾಲು ಬಿಟ್ಟಿತು. ಬಾಯಿ ಬಿಗಿಯಿತು. ಯಾರಾದರೂ ಮುಟ್ಟಿದರೆ, ಬಾಗಿಲು ಸದ್ದಾದರೆ, ಮೈ ಬಿಲ್ಲಿನಂತೆ ಬಾಗುತ್ತಿತ್ತು. ಬಾಲಗ್ರಹ ಎಂದರು, ತಾಯಿತ ಕಟ್ಟಿದರು. ಹತ್ತನೆಯ ದಿನ ತೀರಿಕೊಂಡಿತು. ಹೆಸರಿಡುವುದು ಪುಣ್ಯಾಹದ ದಿನ. ಒಂದು ದಿನ ಮೊದಲೇ ಹೋದದ್ದರಿಂದ ಅದಕ್ಕೆ ಹೆಸರಿಲ್ಲ. ಮೂರು ವರ್ಷಗಳ ಮೇಲೆ ಅದೇ ಕೋಣೆಯಲ್ಲಿ ನಾನು ಹುಟ್ಟಿದೆ.

ಹೊಲಸು ಕೋಣೆಯಲ್ಲಿ ಹೆತ್ತರೆ ಇನ್ನೇನಾಗುತ್ತದೆ ಎಂದು ಪಟ್ಟಣದವರು ಹೇಳಬಹುದು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಸಾಲದು ಎಂದು ತೋರಿಸಿದ್ದು ಯೂರೋಪಿನ ಒಂದು ಆಸ್ಪತ್ರೆಯ ಚರಿತ್ರೆ. ಅಲ್ಲಿ ಕಿಟಕಿಗಳಿದ್ದವು, ಕಬ್ಬಿಣದ ಮಂಚಗಳಿದ್ದವು, ವಿದ್ಯಾವಂತ ವೈದ್ಯರಿದ್ದರು. ಆದರೂ ಬಾಣಂತಿಯರು ಸಾಯುತ್ತಿದ್ದರು.

ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. 1840ರ ಸುಮಾರಿನಿಂದ ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರ ಕೆಲಸ ಕಲಿಯುವ ಹೆಂಗಸರೂ ಇದ್ದರು. ಒಂದೇ ಕಟ್ಟಡ, ಒಂದೇ ಊಟ, ಒಂದೇ ಹವೆ. ಇಂದು ಬಂದವರು ಮೊದಲನೆಯ ವಿಭಾಗಕ್ಕೆ, ನಾಳೆ ಬಂದವರು ಎರಡನೆಯದಕ್ಕೆ ಎಂದು ಸರದಿಯಿತ್ತು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ನೂರಕ್ಕೆ ಹನ್ನೊಂದಕ್ಕೂ ಮೇಲೆ. ಅದೇ ವರ್ಷ ಎರಡನೆಯದರಲ್ಲಿ 3,754 ಹೆರಿಗೆಗಳಿಗೆ 105 ಸಾವು. ನೂರಕ್ಕೆ ಮೂರೂ ಇಲ್ಲ. ಈ ಅಂಕಿಗಳು ನಗರದ ಬಡ ಹೆಂಗಸರಿಗೆ ತಿಳಿಯದಿದ್ದರೂ ಸಂಗತಿ ತಿಳಿದಿತ್ತು. ಸರದಿ ತಪ್ಪಿ ಮೊದಲನೆಯ ವಿಭಾಗಕ್ಕೆ ಬಿದ್ದವರು ಮಂಡಿಯೂರಿ, ತಮ್ಮನ್ನು ಬಿಟ್ಟುಬಿಡಿ ಎಂದು ಬೇಡುತ್ತಿದ್ದರು. ದಾರಿಯಲ್ಲೇ ಹೆತ್ತು ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವರಿಗೆ ಜ್ವರ ಬರುವುದು ಕಡಿಮೆ ಎಂಬುದೂ ಕಂಡುಬಂದಿತ್ತು. ಬೀದಿಯ ಧೂಳು ಆಸ್ಪತ್ರೆಯ ಹಾಸಿಗೆಗಿಂತ ಮೇಲಾಗಿತ್ತು!

ಆ ವಿಭಾಗಕ್ಕೆ ಸಹಾಯಕನಾಗಿ ಬಂದವನು ಇಗ್ನಾಜ್ ಸೆಮ್ಮೆಲ್‌ವೈಸ್, ಬುಡಾ ಪಟ್ಟಣದವನು. ಇನ್ನೂ ಮೂವತ್ತು ತುಂಬದವನು. ಆತ ಒಂದೊಂದೇ ಕಾರಣವನ್ನು ಹಿಡಿದು ನೋಡಿದ. ಜನಸಂದಣಿ ಕಾರಣವೆ? ಎರಡನೆಯ ವಿಭಾಗದಲ್ಲೇ ಸಂದಣಿ ಹೆಚ್ಚು. ಕೊನೆಯ ಸಂಸ್ಕಾರಕ್ಕೆಂದು ಗಂಟೆ ಬಾರಿಸುತ್ತ ವಾರ್ಡಿನ ನಡುವೆ ಹಾದುಹೋಗುವ ಪಾದ್ರಿಯನ್ನು ಕಂಡು ಹೆದರಿ ಸಾಯುತ್ತಾರೆಯೆ? ಪಾದ್ರಿಗೆ ಬೇರೆ ದಾರಿ ಮಾಡಿಸಿ, ಗಂಟೆ ನಿಲ್ಲಿಸಿದ. ಸಾವು ನಿಲ್ಲಲಿಲ್ಲ. 1847ರ ಮಾರ್ಚಿಯಲ್ಲಿ ಆತನ ಮಿತ್ರ ಕೊಲೆಚ್ಕ ತೀರಿಕೊಂಡ. ಶವಪರೀಕ್ಷೆ ಕಲಿಸುತ್ತಿದ್ದ ಪ್ರಾಧ್ಯಾಪಕ. ವಿದ್ಯಾರ್ಥಿಯ ಚಾಕು ಬೆರಳಿಗೆ ತಗುಲಿ ನಂಜೇರಿತ್ತು. ಆತನ ಶವಪರೀಕ್ಷೆಯ ವರದಿಯನ್ನು ಓದುತ್ತಿದ್ದಾಗ ಸೆಮ್ಮೆಲ್‌ವೈಸನಿಗೆ ಹೊಳೆಯಿತು: ಈ ಗಂಡಸಿನ ದೇಹದಲ್ಲಿ ಕಂಡದ್ದೇ ದಿನದಿನವೂ ಬಾಣಂತಿಯರ ದೇಹಗಳಲ್ಲಿ ಕಾಣುತ್ತಿದೆ. ವಿದ್ಯಾರ್ಥಿಗಳು ಬೆಳಗ್ಗೆ ಶವಗಳನ್ನು ಕೊಯ್ದು, ಕೈ ತೊಳೆದುಕೊಂಡು, ಹೆರಿಗೆಯ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರ ವಿಭಾಗದವರಿಗೆ ಶವದ ಕೋಣೆಯ ಕೆಲಸವಿರಲಿಲ್ಲ.

ಕೈ ತೊಳೆದುಕೊಂಡು ಎಂದೆ. ಇದನ್ನು ಗಮನಿಸಬೇಕು. ಅವರು ಕೊಳಕರಲ್ಲ. ಸೋಪು ಹಚ್ಚಿ ತೊಳೆಯುತ್ತಿದ್ದರು. ಕೈ ನೋಡಲು ಬೆಳ್ಳಗಿರುತ್ತಿತ್ತು. ಶವದ ಕೋಣೆಯ ಮಟ್ಟಿಗೆ ಅದು ಶುಚಿಯಾದ ಕೈ. ಆದರೆ ಮೂಸಿ ನೋಡಿದರೆ ವಾಸನೆ ಉಳಿದಿತ್ತು. ವಾಸನೆಯನ್ನು ಕಳೆಯುವುದು ಯಾವುದೆಂದು ಯೋಚಿಸಿಯೇ ಸೆಮ್ಮೆಲ್‌ವೈಸ್ ಕ್ಲೋರಿನ್ ಬೆರೆತ ಸುಣ್ಣದ ನೀರನ್ನು ಆರಿಸಿದ. ಮೇ ತಿಂಗಳ ನಡುವಿನಿಂದ ವಾರ್ಡಿನ ಬಾಗಿಲಲ್ಲಿ ಅದರ ಬೋಗುಣಿ ಇಟ್ಟ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟು ಇದ್ದ ಸಾವು ಜೂನ್‌ನಲ್ಲಿ ಎರಡರ ಸುಮಾರಿಗೆ ಇಳಿಯಿತು. ಜುಲೈನಲ್ಲಿ ಒಂದರ ಸುಮಾರು. ಮುಂದಿನ ವರ್ಷ 3,556 ಹೆರಿಗೆಗಳಲ್ಲಿ 45 ಸಾವು. ಅದರಲ್ಲಿ ಎರಡು ತಿಂಗಳಂತೂ ಒಬ್ಬಳೂ ಸಾಯಲಿಲ್ಲ. ಕೋಣೆ ಬದಲಾಗಿರಲಿಲ್ಲ. ಗೋಡೆಗೆ ಸುಣ್ಣ ಬಳಿದಿರಲಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲಲ್ಲಿ ಒಂದು ಬೋಗುಣಿ ಬಂದಿತ್ತು, ಅಷ್ಟೆ.

1847ರ ಅಕ್ಟೋಬರಿನಲ್ಲೇ ಆತ ಇನ್ನೂ ಒಂದು ಪಾಠ ಕಲಿತ. ಗರ್ಭಕೋಶದ ಹುಣ್ಣು ಕೀವಾಗಿದ್ದ ಒಬ್ಬಾಕೆ ಮೊದಲ ಹಾಸಿಗೆಯಲ್ಲಿದ್ದಳು. ಅವಳನ್ನು ಪರೀಕ್ಷಿಸಿದವರು ಬರಿಯ ಸೋಪಿನಲ್ಲಿ ಕೈ ತೊಳೆದು ಮುಂದಿನವರನ್ನು ಪರೀಕ್ಷಿಸಿದರು. ಜೊತೆಯಲ್ಲಿ ಹೆರುತ್ತಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ಅಂದರೆ ಹೊಸ್ತಿಲು ಬಾಗಿಲಲ್ಲಿ ಮಾತ್ರವಲ್ಲ, ಒಂದು ಹಾಸಿಗೆಗೂ ಮುಂದಿನ ಹಾಸಿಗೆಗೂ ನಡುವೆ ಇದೆ. ಮುಂದೆ ಆತ ಹಂಗರಿಯ ಪೆಸ್ಟ್ ನಗರಕ್ಕೆ ಹೋದಾಗ ಅಲ್ಲಿಯೂ ಜ್ವರ ಕಾಣಿಸಿಕೊಂಡಿತು. ಹುಡುಕಿದರೆ, ಒಗೆಯಲು ಹೋದ ಹಾಸಿಗೆಯ ಬಟ್ಟೆಗಳು ಕಲೆ ಕಲೆಯಾಗಿಯೇ ಹಿಂತಿರುಗುತ್ತಿದ್ದವು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮಡಿವಾಳನ ಗಂಟು. ಹಬೆಯಲ್ಲಿ ಬೆಂದ ಆ ಬಟ್ಟೆಯನ್ನು ಹಾಗೆಯೇ ಬಾಣಂತಿಕೋಣೆಗೆ ಕೊಟ್ಟಿದ್ದರೆ!

ಸೆಮ್ಮೆಲ್‌ವೈಸನ ಕಥೆ ಸುಖವಾಗಿ ಮುಗಿಯಲಿಲ್ಲ. ನಿಮ್ಮ ಕೈಯೇ ಕೊಂದದ್ದು ಎಂದರೆ ಯಾವ ವೈದ್ಯ ಒಪ್ಪುತ್ತಾನೆ? ಸಭ್ಯರ ಕೈ ಅಶುಚಿಯಾಗಿರಬಹುದು ಎಂಬ ಮಾತೇ ಅವಮಾನವಾಗಿ ತೋರಿತು. ಆತನೂ ಮೃದುವಾಗಿ ಹೇಳುವವನಲ್ಲ. 1861ರಲ್ಲಿ ಗ್ರಂಥ ಬರೆದ, ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಕರೆದ. ಬುದ್ಧಿ ಕದಡಿತೆಂದು 1865ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದರು. ಎರಡು ವಾರಗಳಲ್ಲಿ, ಗಾಯವೊಂದು ಕೀತು ನಂಜೇರಿ, ಆಗಸ್ಟ್ 13ರಂದು ತೀರಿಕೊಂಡ. ಅದರ ಹಿಂದಿನ ದಿನ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ, ಗಾಡಿಯ ಕೆಳಗೆ ಸಿಕ್ಕಿ ಕಾಲು ಮುರಿದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದ. ಗಾಯ ಕೀವಾಗದೆ ಮಾಯಿತು. ಇಬ್ಬರಿಗೂ ಸಂಬಂಧವಿರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನಮ್ಮ ಶಾಲಾ ಪಠ್ಯಗಳಲ್ಲಿ ದೀಪದೊಂದಿಗೆ ಬರುತ್ತದೆ. ಆಕೆಯ ನಿಜವಾದ ಆಯುಧ ದೀಪವಲ್ಲ, ಕಿಟಕಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ 1855ರ ಫೆಬ್ರುವರಿಯಲ್ಲಿ ನೂರಕ್ಕೆ ನಲವತ್ತೆರಡು ಸೈನಿಕರು ಸಾಯುತ್ತಿದ್ದರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಕೆಳಗಿನ ಚರಂಡಿಗಳನ್ನು ತೆಗೆಸಿ, ಗೋಡೆಗಳಿಗೆ ಸುಣ್ಣ ಹೊಡೆಸಿ, ಗಾಳಿ ಆಡುವಂತೆ ಮಾಡಿದ ಮೇಲೆ ಜೂನ್ ಹೊತ್ತಿಗೆ ಅದು ಎರಡಕ್ಕೆ ಇಳಿಯಿತು. ಕೆಟ್ಟ ಗಾಳಿಯೇ ರೋಗ ಎಂದು ಆಕೆ ನಂಬಿದ್ದಳು. ತಪ್ಪು ನಂಬಿಕೆಯಿಂದ ಸರಿಯಾದ ಕೆಲಸ ನಡೆಯಿತು. ಚರಿತ್ರೆಯಲ್ಲಿ ಇಂಥವು ಅಪರೂಪವಲ್ಲ. ಆದರೆ ಸೈನಿಕನ ವಾರ್ಡಿಗೆ ಸಾಕಾದ ಶುಚಿ ಬಾಣಂತಿಯ ವಾರ್ಡಿಗೆ ಸಾಕಾಗಲಿಲ್ಲ. ಲಂಡನ್ನಿನಲ್ಲಿ ಆಕೆಯ ಪ್ರಯತ್ನದಿಂದಲೇ ತೆರೆದಿದ್ದ ಹೆರಿಗೆ ವಾರ್ಡನ್ನು ಬಾಣಂತಿ ಜ್ವರದ ದೆಸೆಯಿಂದ ಕೆಲವೇ ವರ್ಷಗಳಲ್ಲಿ ಮುಚ್ಚಬೇಕಾಯಿತು. ಕಿಟಕಿಗಳಿದ್ದವು, ಬೆಳಕಿತ್ತು, ಗುಡಿಸಿ ಒರೆಸಿದ ನೆಲವಿತ್ತು. ಆಕೆ ಲೆಕ್ಕ ಹಿಡಿಯುವುದರಲ್ಲಿ ಗಟ್ಟಿಗಿತ್ತಿ. 1871ರಲ್ಲಿ ಹೆರಿಗೆ ಆಸ್ಪತ್ರೆಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ಬಡವರ ಗುಡಿಸಲಿನಲ್ಲಿ ಹೆರುವುದು ಈ ಆಸ್ಪತ್ರೆಗಳಲ್ಲಿ ಹೆರುವುದಕ್ಕಿಂತ ಕಡಿಮೆ ಅಪಾಯದ್ದು ಎಂದು ಅಂಕಿಗಳಿಂದಲೇ ತೋರಿಸಿದಳು. ತನ್ನ ಸೋಲನ್ನು ಹೀಗೆ ಅಚ್ಚು ಹಾಕಿಸಿದವರು ಕಡಿಮೆ.

ಲಿಸ್ಟರನೂ ಕೆಲವು ವರ್ಷ ಗಾಳಿಯ ಬೆನ್ನು ಹತ್ತಿದ್ದ. ಶಸ್ತ್ರಕ್ರಿಯೆಯ ಕೋಣೆಯ ಗಾಳಿಗೇ ಕಾರ್ಬಾಲಿಕ್ ಆಮ್ಲವನ್ನು ಮಂಜಿನಂತೆ ಸಿಂಪಡಿಸುವ ಯಂತ್ರ ಮಾಡಿಸಿದ. ವೈದ್ಯರು ಕೆಮ್ಮುತ್ತ ಕತ್ತರಿ ಹಿಡಿಯುತ್ತಿದ್ದರು. 1890ರ ಹೊತ್ತಿಗೆ ತಾನೇ ಅದನ್ನು ತಪ್ಪೆಂದು ಒಪ್ಪಿ ಬಿಟ್ಟುಬಿಟ್ಟ. ರೋಗಾಣು ಹೆಚ್ಚಾಗಿ ಬರುವುದು ಗಾಳಿಯಲ್ಲಿ ತೇಲಿ ಅಲ್ಲ, ಕೈಯಲ್ಲಿ, ಬಟ್ಟೆಯಲ್ಲಿ, ಹತಾರದಲ್ಲಿ. ಆ ಸುಮಾರಿಗೇ ಅಮೆರಿಕದ ಹಾಲ್‌ಸ್ಟೆಡ್ ಎಂಬ ವೈದ್ಯ ಶಸ್ತ್ರಕ್ರಿಯೆಗೆ ರಬ್ಬರಿನ ಕೈಚೀಲ ತರಿಸಿದ. ರೋಗಿಯ ಹಿತಕ್ಕಲ್ಲ, ಔಷಧದ ನೀರಿನಿಂದ ತನ್ನ ದಾದಿಯ ಕೈ ಬಿರಿಯುತ್ತಿತ್ತೆಂದು. ಆಕೆಯನ್ನೇ ಆಮೇಲೆ ಮದುವೆಯಾದ. ರೋಗಿಗಳಿಗೂ ಅದರಿಂದ ಒಳಿತಾಯಿತೆಂಬುದು ಬಳಿಕ ತಿಳಿದದ್ದು.

ಇಲ್ಲಿಗೆ ಬಂದಾಗ ನಮ್ಮವರಲ್ಲಿ ಕೆಲವರು ಉತ್ಸಾಹಗೊಳ್ಳುತ್ತಾರೆ: ನೋಡಿದಿರಾ, ಮುಟ್ಟುವುದರಿಂದಲೇ ಕೇಡು ಹರಡುತ್ತದೆಂದು ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು, ಮಡಿಯೆಂದರೆ ಅದೇ ವಿಜ್ಞಾನ ಎನ್ನುತ್ತಾರೆ. ಕಣ್ಣಿಗೆ ಕಾಣದ ಒಂದು ವಸ್ತು ಸ್ಪರ್ಶದಿಂದ ದಾಟುತ್ತದೆ ಎಂಬ ಊಹೆಯಲ್ಲಿ ನಮ್ಮ ಅಜ್ಜಿ ನೈಟಿಂಗೇಲಳಿಗಿಂತ ಮುಂದಿದ್ದಳು ಎಂದು ನಾನೂ ಒಪ್ಪಬಲ್ಲೆ. ಆದರೆ ಆ ಊಹೆ ಯಾರನ್ನು ಕಾಯುತ್ತಿತ್ತು ಎಂದು ಕೇಳಬೇಕು. ವಿಯೆನ್ನಾದ ಬೋಗುಣಿ ಹೊರಗಿನವರಿಂದ ಬಾಣಂತಿಯನ್ನು ಕಾಯಿತು. ನಮ್ಮ ಮಡಿ ಬಾಣಂತಿಯಿಂದ ಅಡಿಗೆಮನೆಯನ್ನು ಕಾಯಿತು. ಎರಡರಲ್ಲೂ ಹೊಸ್ತಿಲಿದೆ, ನೀರಿದೆ. ನೀರು ಹರಿಯುವ ದಿಕ್ಕು ಬೇರೆ. ಮುಟ್ಟಬಾರದ್ದು ಯಾವುದೆಂದು ವಿಯೆನ್ನಾದವನು ಹೆಣಗಳ ನಡುವೆ ಹುಡುಕಿ ಕಂಡುಕೊಂಡ. ನಾವು ಅದನ್ನು ಹುಡುಕಲಿಲ್ಲ, ಮನುಷ್ಯರ ಹುಟ್ಟಿನಿಂದಲೇ ತೀರ್ಮಾನಿಸಿಬಿಟ್ಟಿದ್ದೆವು.

ನನ್ನ ಅಣ್ಣನಾಗಬೇಕಿದ್ದ ಆ ಮಗುವಿಗೆ ಬಂದದ್ದು ಧನುರ್ವಾಯು. ಬಿಲ್ಲಿನಂತೆ ಬಾಗಿಸುವ ಬೇನೆ. ಹೆಸರಿಟ್ಟವರು ಕಂಡು ಇಟ್ಟಿದ್ದಾರೆ. ಅದರ ರೋಗಾಣುವನ್ನು 1884ರಲ್ಲಿ ಜರ್ಮನಿಯ ನಿಕೋಲಾಯರ್ ಮಣ್ಣಿನಲ್ಲಿ ಕಂಡ. 1889ರಲ್ಲಿ ಜಪಾನಿನ ಕಿಟಸಾಟೊ ಬೇರ್ಪಡಿಸಿ ಬೆಳೆಸಿದ. ಅದು ದನ ಕುದುರೆಗಳ ಕರುಳಿನಲ್ಲಿ, ಸಗಣಿಯಲ್ಲಿ, ಗೊಬ್ಬರ ಹಾಕಿದ ಮಣ್ಣಿನಲ್ಲಿ ಬೀಜದಂತೆ ವರ್ಷಗಟ್ಟಲೆ ಉಳಿಯಬಲ್ಲದು. ಹೊಕ್ಕುಳಬಳ್ಳಿ ಕೊಯ್ದ ಹಸಿಗಾಯ ಅದಕ್ಕೆ ತೆರೆದ ಬಾಗಿಲು. ಅಮ್ಮ ನನಗೆ ಹೇಳಿದ್ದು ನೆನಪಿದೆ: ಬಳ್ಳಿ ಕೊಯ್ದ ಮೇಲೆ ಬೇಗ ಒಣಗಲೆಂದು ಹೊಕ್ಕುಳಿಗೆ ಬೆರಣಿಯ ಬೂದಿಯನ್ನೂ ತುಸು ಸಗಣಿಯನ್ನೂ ಹಚ್ಚಿದ್ದರು. ಸೂಲಗಿತ್ತಿಯ ತಪ್ಪು ಎನ್ನಲಾರೆ. ಹಚ್ಚೆಂದು ಹೊಸ್ತಿಲಾಚೆ ನಿಂತು ಹೇಳಿದವರು ನಮ್ಮ ಅಜ್ಜಿ. ಸಗಣಿ ಅಜ್ಜಿಗೆ ಕೊಳೆಯಲ್ಲ, ಕೊಳೆಯನ್ನು ಕಳೆಯುವಂಥದು. ಪ್ರತಿದಿನ ಅಡಿಗೆಮನೆಯ ನೆಲವನ್ನು ಅದರಿಂದಲೇ ಸಾರಿಸಿ ರಂಗೋಲಿ ಇಡುತ್ತಿದ್ದಳು. ಮಣ್ಣಿನ ನೆಲಕ್ಕೆ ಅದು ಒಳ್ಳೆಯದೇ. ಧೂಳು ಏಳದು, ನೆಲ ಬಿರಿಯದು. ಅಜ್ಜಿ ತನ್ನಲ್ಲಿದ್ದ ಅತ್ಯಂತ ಶುಚಿಯಾದ ವಸ್ತುವನ್ನೇ ಮೊಮ್ಮಗನಿಗೆ ಕೊಟ್ಟಿದ್ದಳು. ಶವದ ಕೋಣೆಯ ಬಿಳಿಯ ಕೈ ವಿಯೆನ್ನಾದ ಹೆರಿಗೆ ವಾರ್ಡಿಗೆ ಬಂದಂತೆ, ಅಡಿಗೆಮನೆಯ ಶುಚಿ ಬಾಣಂತಿಕೋಣೆಗೆ ಬಂದಿತ್ತು.

ಇಂಥ ಸಾವುಗಳನ್ನು ತಡೆಯಲು ದೊಡ್ಡ ಕಟ್ಟಡವೇ ಬೇಕಾಗಿರಲಿಲ್ಲ. ಸೂಲಗಿತ್ತಿಯರಿಗೆ ಸರ್ಕಾರದವರು ತರಬೇತಿ ಕೊಡತೊಡಗಿದಾಗ ಐದು ಶುಚಿಗಳನ್ನು ಕಲಿಸಿದರು: ಕೈ ಶುಚಿ, ಹೆರುವ ಜಾಗ ಶುಚಿ, ಕೊಯ್ಯುವ ಬ್ಲೇಡು ಶುಚಿ, ಕಟ್ಟುವ ದಾರ ಶುಚಿ, ಕೊಯ್ದ ಬಳ್ಳಿಗೆ ಏನನ್ನೂ ಹಚ್ಚದಿರುವುದು ಐದನೆಯದು. ಗಮನಿಸಿ, ಇದರಲ್ಲಿ ಕೋಣೆಯ ಮಾತೇ ಇಲ್ಲ. ಅಂಗೈಯಷ್ಟು ಜಾಗದ ಮಾತು. ಜೊತೆಗೆ ಗರ್ಭಿಣಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ಬಂತು. 1985ರ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಅದೂ ಸೇರಿತ್ತು. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನ ಮಟ್ಟಕ್ಕೆ ಬಂತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ರಾಷ್ಟ್ರಪತಿ ಭವನದ ದರ್ಬಾರು ಸಭಾಂಗಣಕ್ಕೆ ಮುಂಬಾಗಿಲಿನಿಂದ ನಡೆದು ಬಂದ ಅವರ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ ನನಗೆ ನಮ್ಮ ಹಿತ್ತಿಲ ಬಾಗಿಲು ಕಣ್ಣ ಮುಂದೆ ಬಂತು.

ಆಸ್ಪತ್ರೆಯೆಂದರೆ ನಮ್ಮ ಅಜ್ಜಿಗೆ ಮೈಲಿಗೆಯ ಜಾಗ. ಅಲ್ಲಿಂದ ಬಂದವರು ನೇರವಾಗಿ ಬಚ್ಚಲಿಗೇ ಹೋಗಬೇಕು. ಮೈಸೂರಿನಲ್ಲಿ ಮಿಷನ್ನಿನವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಹೆಂಗಸರು ಮಕ್ಕಳಿಗೆಂದು 1906ರಲ್ಲೇ ತೆರೆದಿತ್ತು, ಬೆಂಗಳೂರಿನ ವಾಣಿವಿಲಾಸ 1935ರಲ್ಲಿ. ಆದರೂ ಹಳ್ಳಿಗಳ ಮಟ್ಟಿಗೆ ಆ ಹೊಸ್ತಿಲನ್ನು ದಾಟಲು ಎರಡು ಮೂರು ತಲೆಮಾರು ಹಿಡಿಯಿತು. 2004–06ರಲ್ಲಿ ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರೆ, 2018–20ರ ಗಣತಿಯಲ್ಲಿ ಅದು 69. ಇಳಿದದ್ದು ನಿಜ, ಆದರೆ 69 ಎಂಬುದು ಸೊನ್ನೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಬಿದ್ದದ್ದು ಗೋಡೆಯ ಮೇಲಲ್ಲ, ಅವರ ರಕ್ತನಾಳಕ್ಕೆ ಹರಿಸಿದ ಬಾಟಲಿಯ ದ್ರವದ ಮೇಲೆ. ಆ ದ್ರವ ತಯಾರಾಗುವುದು ಬೇರೆ ಊರಿನ ಬೇರೊಂದು ಕೋಣೆಯಲ್ಲಿ. ಆ ಕೋಣೆಯ ಶುಚಿಯನ್ನು ಬಳ್ಳಾರಿಯ ದಾದಿ ಹೇಗೆ ಕಾಣಬೇಕು?

ಅಂಥ ಕೋಣೆಗಳ ಶುಚಿ ಇನ್ನೂ ಒಂದು ಬಗೆ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ ಎಂಬಾತ 1960ರ ಸುಮಾರಿನಲ್ಲಿ, ಸೋಸಿದ ಗಾಳಿಯನ್ನು ಒಂದೇ ಸಮನೆ ಹರಿಸಿ ಧೂಳನ್ನು ಕೊಚ್ಚಿಹಾಕುವ ಕೋಣೆಯನ್ನು ಕಲ್ಪಿಸಿದ. ಬಿರುಸಾಗಿಯಲ್ಲ, ನಿಧಾನವಾಗಿ ಹರಿಯುವ ಹೊಳೆಯ ಹಾಗೆ. ಧೂಳಿನ ಕಣ ಎಣಿಸುವ ಯಂತ್ರ ಸೊನ್ನೆ ತೋರಿದಾಗ ಯಂತ್ರ ಕೆಟ್ಟಿದೆಯೆಂದು ನೋಡಿದವರು ತಿಳಿದರಂತೆ. ಅಲ್ಲಿ ಲೆಕ್ಕ ಹೀಗೆ: ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿನ ಅಥವಾ ಅದಕ್ಕಿಂತ ದೊಡ್ಡ ಕಣಗಳು ನೂರಕ್ಕೆ ಮೀರಬಾರದು. ಕೂದಲೆಳೆಯ ದಪ್ಪವೇ ಎಪ್ಪತ್ತು ಮೈಕ್ರಾನಿನ ಸುಮಾರು. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಕಟ್ಟಿದರು. ಹೊರಗೆ ಕಾರ್ಖಾನೆಗಳ ಧೂಳು, ಒಳಗೆ ಶುಚಿಕೋಣೆ. ಅಂಥ ಕೋಣೆಯೊಂದನ್ನು ಗಾಜಿನಾಚೆಯಿಂದ ನಾನು ಒಮ್ಮೆ ನೋಡಿದ್ದೇನೆ. ಒಳಗಿದ್ದವರು ನೆತ್ತಿಯಿಂದ ಅಂಗಾಲಿನವರೆಗೆ ಬಿಳಿಯ ಉಡುಪು ಹಾಕಿಕೊಂಡಿದ್ದರು. ರೋಗಕ್ಕೆ ಹೆದರಿಯಲ್ಲ. ಅಲ್ಲಿ ಕೊಳೆಯೆಂದರೆ ಮನುಷ್ಯನೇ: ಅವನ ಚರ್ಮದ ಪುಡಿ, ಉಸಿರಿನ ಹನಿ, ಅಂಗಿಯ ನೂಲು. ಬ್ರಾಹ್ಮಣ, ಹೊಲೆಯ, ವಿಜ್ಞಾನಿ, ಕಸಗುಡಿಸುವವ ಎಲ್ಲರೂ ಸಮವಾಗಿ ಮೈಲಿಗೆಯಾಗುವ ಕೋಣೆಯನ್ನು ನಾನು ನೋಡಿದ್ದು ಅದೊಂದೇ.

ಕಳೆದ ವರ್ಷ ನನ್ನ ಮಗಳಿಗೆ ಹೆರಿಗೆಯಾಯಿತು. ಎಂಬತ್ತೆಂಟು ವರ್ಷದ ಅಮ್ಮ ಮರಿಮಗಳನ್ನು ನೋಡಲೇಬೇಕೆಂದು ಊರಿನಿಂದ ಬಂದಳು. ವಾರ್ಡಿನ ಬಾಗಿಲಲ್ಲಿ ದಾದಿ ಆಕೆಯ ಅಂಗೈಗೆ ಔಷಧದ ನೀರು ಹಾಕಿದಳು. ಅಮ್ಮ ತೀರ್ಥವನ್ನು ತೆಗೆದುಕೊಳ್ಳುವವಳಂತೆ ಕೈಯೊಡ್ಡಿದಳು. ಮಗುವನ್ನು ಎತ್ತಿಕೊಳ್ಳಲಿಲ್ಲ. ಬಟ್ಟೆಯನ್ನು ಸ್ವಲ್ಪ ಸರಿಸಿ ನೋಡಿ, ದಾದಿಯನ್ನು ಕೇಳಿದಳು:

"ಹೊಕ್ಕುಳಿಗೆ ಏನು ಹಚ್ಚಿದ್ದೀ ತಾಯಿ?"

"ಏನೂ ಹಚ್ಚಿಲ್ಲ ಅಜ್ಜಿ. ಹಚ್ಚಬಾರದು. ತಾನಾಗಿಯೇ ಒಣಗುತ್ತೆ."

"ಏನೂ ಬೇಡವೆ?"

"ಏನೂ ಬೇಡ ಅಜ್ಜಿ."

ಅಮ್ಮ ಬಟ್ಟೆಯನ್ನು ಮೊದಲಿದ್ದಂತೆ ಹೊದಿಸಿದಳು. ಸಂಜೆಯ ಬಸ್ಸಿಗೆ ಊರಿಗೆ ಹೊರಟಳು. ಎಂಟನೆಯ ದಿನ, ಇನ್ನೂ ಬೆಳಕು ಹರಿಯುವ ಮುಂಚೆ, ಫೋನ್ ಬಂತು. ಅಮ್ಮ. ಮಗು ಹಾಲು ಕುಡಿಯಿತೆ ಎಂದು ಕೇಳಿದಳು.